ಅವನ ರೆಸ್ಯೂಮ್‌ನಲ್ಲಿ ನನ್ನ ನಂಬರ್

"ಹಲೋ, ಮಿಸ್ಟರ್ ಓಬಳೇಶ್ ಹತ್ರ ಮಾತಾಡಬಹುದಾ?"

ಆ ವಾರದಲ್ಲಿ ಇದು ಮೂರನೇ ಸಲ. ಬೆಂಗಳೂರಿನ ನಂಬರ್ ಕಂಡರೆ ಸಾಕು, ನನಗೇ ಇಂಟರ್‌ವ್ಯೂ ಕಾಲ್ ಅಂದುಕೊಳ್ಳುತ್ತೇನೆ. ನೀರು ಕುಡಿದು, ಗಂಟಲು ಸರಿ ಮಾಡಿಕೊಂಡು, ಇಂಗ್ಲಿಷ್‌ನಲ್ಲಿ ಹಲೋ ಅಂದರೆ ಕೊನೆಗೆ ಯಾವನೋ ಓಬಳೇಶ್ ಬೇಕಂತೆ, ಓಬಳೇಶ್!

"ರಾಂಗ್ ನಂಬರ್ ಕಣ್ರೀ! ಎಷ್ಟ್ ಸಲ ಹೇಳ್ಬೇಕು ನಿಮಗೆ?"

"ಅವರ ರೆಸ್ಯೂಮ್‌ನಲ್ಲಿ ಇದೇ ನಂಬರ್ ಇದೆ ಮೇಡಂ. ಬೇಕಾದ್ರೆ ನೀವೇ ನೋಡಿ" ಎಂದ ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯ ಹುಡುಗಿ ಅದನ್ನು ವಾಟ್ಸಾಪ್ ಮಾಡಿಯೇಬಿಟ್ಟಳು.

ತೆರೆದು ನೋಡಿದೆ. ಮೈಯೆಲ್ಲ ಉರಿದುಹೋಯಿತು. ಅದು ನನ್ನ ರೆಸ್ಯೂಮ್! ಕಾಲೇಜಿನ ಗ್ರೂಪ್‌ನಲ್ಲಿ ಯಾರೋ ಒಳ್ಳೆಯ ಫಾರ್ಮ್ಯಾಟ್ ಕೇಳಿದರೆಂದು ಹಿಂದೆ ನಾನೇ ಹಾಕಿದ್ದೆ. ಈ ಮಹಾಶಯ ಅದನ್ನು ಎತ್ತಿಕೊಂಡು ಹೆಸರು, ಇಮೇಲ್, ಪ್ರಾಜೆಕ್ಟ್ ಎಲ್ಲ ಬದಲಿಸಿದ್ದ. ಮೊಬೈಲ್ ನಂಬರ್ ಬದಲಿಸುವುದನ್ನು ಮಾತ್ರ ಮರೆತಿದ್ದ. ಹವ್ಯಾಸಗಳ ಸಾಲಿನಲ್ಲಿ ನನ್ನ ರಂಗೋಲಿ ಮತ್ತು ಥ್ರೋಬಾಲ್ ಹಾಗೆಯೇ ಇದ್ದವು.

ನಗು ಬರಬೇಕಿತ್ತು. ಅಳು ಬಂತು. ಒಂದೇ ನಂಬರ್, ಒಂದೇ ಫಾರ್ಮ್ಯಾಟ್. ಅವನಿಗೆ ಕಾಲ್ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ.

ನಾನು ಸ್ವಾತಿ, ಚಿತ್ರದುರ್ಗದವಳು. ಹನ್ನೊಂದು ತಿಂಗಳು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡಿದವಳು. ಒಂದು ಬೆಳಗ್ಗೆ ಹದಿನೈದು ನಿಮಿಷದ ವಿಡಿಯೋ ಮೀಟಿಂಗ್ ಕರೆದು, ನಮ್ಮ ಟೀಮ್‌ನ ಎಲ್ಲರನ್ನೂ ಒಟ್ಟಿಗೆ ತೆಗೆದುಹಾಕಿದರು. ಅಂದು ಹೊರಗೆ ಬಂದಾಗ ಅಮ್ಮ ನಗುನಗುತ್ತಾ ಕಾಫಿ ಕೊಟ್ಟಳು. ನಾಳೆ ಹೇಳೋಣ ಅಂದುಕೊಂಡೆ. ಆ ನಾಳೆ ಬಾರದೆ ಎಂಟು ತಿಂಗಳಾಗಿತ್ತು.

ಎಂಟು ತಿಂಗಳಿಂದ ಬೆಳಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಉಳಿಸಿಟ್ಟಿದ್ದ ದುಡ್ಡಿನಲ್ಲೇ ತಿಂಗಳಿಗಿಷ್ಟು ಸಂಬಳವೆಂದು ಅಮ್ಮನ ಕೈಗಿಡುತ್ತಿದ್ದೆ. ಪಕ್ಕದ ಮನೆಯ ಏಕನಾಥಮ್ಮ ಜೋರಾಗಿ ಮಾತಾಡಿದರೆ ಅಮ್ಮ ಪಿಸುಗುಡುತ್ತಿದ್ದಳು, "ಮೆಲ್ಲಕ್ ಮಾತಾಡೇ, ನಮ್ ಸ್ವಾತಿ ಮೀಟಿಂಗ್ನಾಗೆ ಅವ್ಳೆ." ಸದ್ದಾಗುತ್ತದೆಂದು ಚಟ್ನಿಯನ್ನೂ ನನ್ನ ಊಟದ ಬಿಡುವಿನಲ್ಲೇ ರುಬ್ಬುತ್ತಿದ್ದಳು. ಒಳಗೆ ನಾನು ಅರ್ಜಿ ಹಾಕುತ್ತಾ, ತಿರಸ್ಕಾರದ ಮೇಲ್ ಓದುತ್ತಾ, ಬಾಯಿಗೆ ದುಪಟ್ಟಾ ಒತ್ತಿಕೊಂಡು ಅಳುತ್ತಿದ್ದೆ. ಕೆಲಸ ಬಿಟ್ಟು ಒಂದು ವರ್ಷ ದಾಟಿದರೆ ಕಂಪನಿಗಳು ರೆಸ್ಯೂಮ್ ತೆರೆದೇ ನೋಡುವುದಿಲ್ಲ ಎನ್ನುತ್ತಿದ್ದರು. ನನಗೆ ಉಳಿದಿದ್ದು ನಾಲ್ಕೇ ತಿಂಗಳು.

ಅಂಥ ದಿನಗಳಲ್ಲಿ ಈ ಓಬಳೇಶ್ ಸಿಕ್ಕಿದ್ದು. ಬಾಯಿಗೆ ಬಂದಂತೆ ಬೈದು ಇಮೇಲ್ ಹಾಕಿದೆ. ಮರುದಿನವೇ ಹೊಸದುರ್ಗದಿಂದ ಬಸ್ಸು ಹತ್ತಿ ಬಂದ.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್‌ನಲ್ಲಿ ಕೂತಿದ್ದೆ. ಇಸ್ತ್ರಿ ಮಾಡಿದ ನೀಲಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕಣ್ಣಲ್ಲಿ ಭಯ. ಒಬ್ಬ ಹುಡುಗ ನನ್ನ ಮೇಜಿನ ಮುಂದೆ ಬಂದು ನಿಂತುಕೊಂಡ.

"ಮೇಡಂ, ನಾನೇ ಓಬಳೇಶ್. ಹೊಸದುರ್ಗದತ್ರ ಬಾಗೂರು. ಬಯ್ಯೋದಿದ್ರೆ ಮೊದ್ಲೇ ಬಯ್ದುಬಿಡ್ರಿ, ಆಮೇಲೆ ಏನಾರ ತಿನ್ನಾಣ."

"ಕುಂತ್ಕಳ್ರಿ. ರಂಗೋಲಿ ಹಾಕಕ್ ಬರ್ತೈತಾ ನಿಮಗೆ?"

"ಇಲ್ಲ ಮೇಡಂ. ಇಂಟರ್‌ವ್ಯೂನಾಗೆ ಕೇಳಿದ್ರೆ ಕಲ್ತ್ಕಂತಿದ್ದೆ."

ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವನು ಅದನ್ನು ನೋಡಿಬಿಟ್ಟ. ಅವನ ಮುಖದಲ್ಲೂ ಒಂದು ಸಣ್ಣ ನಗು ಬಂದು, ಧೈರ್ಯ ಸಾಲದೆ ಅಲ್ಲೇ ನಿಂತಿತು.

ಓದು ಮುಗಿಸಿ ಹೊಸದುರ್ಗದ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದನಂತೆ. ಊರಿನವರಿಗೆಲ್ಲ ಸರ್ಕಾರಿ ಕೆಲಸದ ಆನ್‌ಲೈನ್ ಅರ್ಜಿ ತುಂಬಿಕೊಡುವುದು ಅವನ ಕೆಲಸ. ಬೇರೆಯವರ ಅರ್ಜಿಯಲ್ಲಿ ಒಂದಕ್ಷರ ತಪ್ಪಿದವನಲ್ಲ. ತನ್ನದರಲ್ಲಿ ಮಾತ್ರ ಹೀಗೆ ಮಾಡಿಕೊಂಡಿದ್ದ.

ಮಂಡಕ್ಕಿ ಮೆಣಸಿನಕಾಯಿ ಬಂತು. ಅವನು ಮುಟ್ಟಲಿಲ್ಲ. "ಒಂದ್ ಮಾತು ಕೇಳ್ತೀನಿ ಮೇಡಂ. ಇಲ್ಲೀ ತನಕ ಎಷ್ಟ್ ಕಾಲ್ ಬಂದಿದ್ವು ನಂಗೆ?"

ಫೋನ್ ತೆಗೆದು ನೋಡಿದೆ. "ನಾಲ್ಕು ತಿಂಗ್ಳಲ್ಲಿ ಏಳು."

"ಏಳಾ?" ತಟ್ಟೆಯನ್ನೇ ನೋಡುತ್ತಾ ಕುಳಿತ. "ಒಂದೂ ಬರ್ಲಿಲ್ಲ ಅನ್ಕಂಡಿದ್ದೆ. ಯಾರ್ಗೂ ಬ್ಯಾಡಾದೋನು ನಾನು ಅನ್ಕಂಡಿದ್ದೆ ಮೇಡಂ."

ಕಣ್ಣು ಒರೆಸಿಕೊಳ್ಳುವುದಕ್ಕೆ ನಾಚಿಕೊಂಡು, ಖಾರ ಹತ್ತಿದವನ ಹಾಗೆ ಕೆಮ್ಮಿದ. ಮೆಣಸಿನಕಾಯಿ ಇನ್ನೂ ತಟ್ಟೆಯಲ್ಲೇ ಇತ್ತು. ಆ ಸುಳ್ಳು ಕೆಮ್ಮಿಗೇ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನನ್ನ ಎಂಟು ತಿಂಗಳ ಸುಳ್ಳನ್ನು ಅವನಿಗೊಬ್ಬನಿಗೇ ಹೇಳಿದೆ.

ಅವನು ತನ್ನ ರೆಸ್ಯೂಮ್‌ನಲ್ಲಿ ನಂಬರ್ ತಿದ್ದಿದ. ಆದರೆ ಹಳೆಯ ರೆಸ್ಯೂಮ್ ಕನ್ಸಲ್ಟೆನ್ಸಿಗಳ ಕೈಯಲ್ಲಿ ಓಡಾಡುತ್ತಲೇ ಇತ್ತು. ಅವನ ಕರೆಗಳು ನನಗೇ ಬರುತ್ತಿದ್ದವು. "ಓಬಳೇಶ್ ಸರ್ ಮೀಟಿಂಗ್‌ನಲ್ಲಿದ್ದಾರೆ, ನಾನು ತಿಳಿಸ್ತೀನಿ" ಎಂದು ನಾನು ಠೀವಿಯಿಂದ ಹೇಳುತ್ತಿದ್ದೆ. ದಿನಾ ಸಂಜೆ ಆರಕ್ಕೆ ಅವನ ಫೋನ್.

"ಏನಾರ ಬಂತಾ ಮೇಡಂ?"

"ಬಂದಿದ್ರೆ ನಿಮ್ ಪಿಎ ಹೇಳ್ತಿರ್ಲಿಲ್ವಾ?"

"ನಮ್ ಪಿಎಗೆ ಊಟ ಆತಾ?"

ಮೇಡಂ ಯಾವಾಗ ಸ್ವಾತಿಯಾಯಿತೋ, ನೀವು ಯಾವಾಗ ನೀನಾಯಿತೋ ಗೊತ್ತಾಗಲಿಲ್ಲ. ಭಾನುವಾರಗಳಂದು ಚಿತ್ರದುರ್ಗಕ್ಕೆ ಬರತೊಡಗಿದ. ಚಂದ್ರವಳ್ಳಿಯ ಕೆರೆ ಪಕ್ಕ ಬಂಡೆಯ ಮೇಲೆ ಕೂತು ಒಬ್ಬರನ್ನೊಬ್ಬರು ಇಂಟರ್‌ವ್ಯೂ ಮಾಡುತ್ತಿದ್ದೆವು.

ಒಂದು ಭಾನುವಾರ ಅವನು ಗಂಭೀರವಾಗಿ ಕೇಳಿದ, "ಕೆಲ್ಸ ಬಿಟ್ಟು ಇಷ್ಟು ತಿಂಗ್ಳು ಏನ್ಮಾಡ್ತಿದ್ರಿ ಮಿಸ್ ಸ್ವಾತಿ?"

ಕಲಿತಿಟ್ಟುಕೊಂಡ ಉತ್ತರದ ಮೊದಲ ಸಾಲಿನಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಅವನು ಗಾಬರಿಯಾಗಿ ಕರ್ಚೀಫ್ ಕೊಟ್ಟ. ಒರೆಸಿಕೊಂಡು ತಲೆಯೆತ್ತಿದರೆ ನನ್ನನ್ನೇ ನೋಡುತ್ತಿದ್ದಾನೆ. ಕಣ್ಣು ಕೆನ್ನೆಗೆ ಹೋಗುತ್ತದೆ, ಕೆರೆಗೆ ಹೋಗುತ್ತದೆ, ಮತ್ತೆ ಕೆನ್ನೆಗೇ ಬರುತ್ತದೆ.

"ಏನೋ ಹಂಗ್ ನೋಡ್ತೀಯ?"

"ಏನಿಲ್ಲ. ಕರ್ಚೀಫ್ನಾಗೆ ಜೆರಾಕ್ಸ್ ಇಂಕಿನ ಪುಡಿ ಇತ್ತು. ಮುಖ ಎಲ್ಲ ಕರ್ರಗಾಗೈತೆ."

"ಮೊದ್ಲೇ ಹೇಳಕ್ಕೇನಾಗಿತ್ತು?"

"ಚೆನ್ನಾಗ್ ಕಾಣ್ತಿದ್ದೆ, ಅದಕ್ಕೇ ಸುಮ್ನಿದ್ದೆ."

ಕೆಲಸ ಹೋದ ಮೇಲೆ ಅಂದು ಮೊದಲ ಸಲ ಹೊಟ್ಟೆ ತುಂಬ ನಕ್ಕೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಆ ಮಸಿಯನ್ನು ತೊಳೆಯಲು ಮನಸ್ಸಾಗದೆ ಎಷ್ಟೋ ಹೊತ್ತು ಹಾಗೆಯೇ ಇದ್ದೆ.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಲೇಬೇಕು.

ಕೆಲಸವಿಲ್ಲದ ಗ್ಯಾಪ್ ಹನ್ನೊಂದನೇ ತಿಂಗಳಿಗೆ ಬಿದ್ದಿತ್ತು. ಅಂದು ಬೆಳಗ್ಗೆ ನನಗೆ ಒಟ್ಟಿಗೆ ಎರಡು ತಿರಸ್ಕಾರದ ಮೇಲ್ ಬಂದಿದ್ದವು. ಹೊರಗೆ ಅಮ್ಮ ಏಕನಾಥಮ್ಮನಿಗೆ, ಮಗಳಿಗೆ ಈ ಸಲ ಪ್ರಮೋಷನ್ ಆಗಬಹುದು ಎನ್ನುತ್ತಿದ್ದಳು. ಆಗ ಫೋನ್ ಬಂತು.

"ಓಬಳೇಶ್‌ಗೆ ನಾಳೆ ಹನ್ನೊಂದಕ್ಕೆ ಇಂಟರ್‌ವ್ಯೂ. ಇರೋದು ಒಂದೇ ಪೋಸ್ಟ್, ಅರ್ಜೆಂಟ್. ಬರ್ತಾರಾ ಇಲ್ವಾ ಈಗ್ಲೇ ಹೇಳಿ."

ಅವನ ಪಿಎ ಆಗಿದ್ದ ಬಾಯಿಯೇ ಹೇಳಿತು, "ಅವರಿಗೆ ಬೇರೆ ಕಡೆ ಕೆಲಸ ಆಗಿದೆ ಮೇಡಂ. ಆದ್ರೆ ನಾನಿದ್ದೀನಿ. ಅದೇ ಕಾಲೇಜು, ಅದೇ ಕೋರ್ಸ್. ನನಗೆ ಹನ್ನೊಂದು ತಿಂಗಳ ಅನುಭವಾನೂ ಇದೆ."

ಸಂಜೆ ಆರಕ್ಕೆ ಅವನ ಫೋನ್. "ಏನಾರ ಬಂತಾ?"

"ಇಲ್ಲ" ಎಂದೆ.

ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಎರಡನೇ ಸುತ್ತೂ ಆಯಿತು. ಒಟ್ಟು ಆರು ಸಂಜೆ ಅವನು ಕೇಳಿದ, ಆರು ಸಂಜೆಯೂ ಇಲ್ಲ ಎಂದೆ. ಏಳನೇ ದಿನ ಆಫರ್ ಲೆಟರ್ ಬಂತು. ಅಮ್ಮನಿಗೆ ಇನ್ನು ಏನೂ ಹೇಳಬೇಕಿರಲಿಲ್ಲ. ನನ್ನ ಸುಳ್ಳು ತಾನಾಗಿಯೇ ನಿಜವಾಗುತ್ತಿತ್ತು. ಕುಣಿಯಬೇಕಿದ್ದವಳು ಅಂದು ಸಂಜೆ ಆರಕ್ಕೆ ಮುಂಚೆಯೇ ಫೋನ್ ಆಫ್ ಮಾಡಿಟ್ಟೆ.

ಶುಕ್ರವಾರ ಸಂಜೆಯೊಳಗೆ ಒಪ್ಪಿಗೆ ಕಳಿಸಬೇಕಿತ್ತು. ಶುಕ್ರವಾರ ಬೆಳಗ್ಗೆ ಆಫೀಸಿಗೆ ರಜೆ ಎಂದು ಅಮ್ಮನಿಗೆ ಹೇಳಿ, ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋದೆ.

ಅಂಗಡಿಯ ಮುಂದೆ ಪಹಣಿ, ಆಧಾರ್ ಹಿಡಿದು ನಾಲ್ಕೈದು ಜನ ನಿಂತಿದ್ದರು. ನನ್ನನ್ನು ಕಂಡು ಅವನ ಮುಖ ಅರಳಿತು. ಓಡಿಬಂದು ಸ್ಟೂಲ್ ಒರೆಸಿದ. "ಬಾ, ಕುಂತ್ಕ. ಏನ್ ಹೇಳ್ದೆ ಕೇಳ್ದೆ ಬಂದ್ಬಿಟ್ಟೆ?"

ನಿಂತುಕೊಂಡೇ ಎಲ್ಲ ಹೇಳಿದೆ. ಒಂದು ಮಾತನ್ನೂ ಬಿಡಲಿಲ್ಲ. ಜೆರಾಕ್ಸ್ ಮಿಷಿನ್ ಒಂದೇ ಸಮನೆ ಹಾಳೆ ಉಗುಳುತ್ತಿತ್ತು. ಅವನು ಅದನ್ನು ಆರಿಸಿದ.

"ದಿನಾ ಕೇಳಿದ್ನಲ್ಲ ಸ್ವಾತಿ" ಎಂದ. "ಆರು ದಿನ ಕೇಳಿದ್ನಲ್ಲ."

"ಆಫರ್ ಬ್ಯಾಡ ಅಂತ ಮೇಲ್ ಬರ್ದಿಟ್ಟಿದೀನಿ. ಈಗ್ಲೇ ಕಳಿಸ್ತೀನಿ."

ನನ್ನ ಫೋನ್ ತೆಗೆದುಕೊಂಡು ಓದಿದ. "ವೈಯಕ್ತಿಕ ಕಾರಣ ಅಂತ ಬರ್ದೀಯ. ಇದ್ರಾಗೂ ಸುಳ್ಳೇ ಐತೆ."

ಫೋನ್ ವಾಪಸ್ ತೆಗೆದುಕೊಂಡೆ. ಬರೆದಿದ್ದನ್ನೆಲ್ಲ ಅಳಿಸಿ, ಮೂರೇ ಸಾಲು ಬರೆದೆ. ಓಬಳೇಶ್‌ಗೆ ಎಲ್ಲೂ ಕೆಲಸ ಆಗಿರಲಿಲ್ಲ. ನಾನು ಸುಳ್ಳು ಹೇಳಿ ಅವರ ಅವಕಾಶ ಕಿತ್ತುಕೊಂಡೆ. ದಯವಿಟ್ಟು ಅವರನ್ನು ಕರೆಯಿರಿ. ಕೊನೆಯಲ್ಲಿ ಅವನ ಸರಿಯಾದ ನಂಬರ್ ಹಾಕಿದೆ. ಕಳಿಸುವ ಮುಂಚೆ ಅವನ ಮುಖ ನೋಡಿದೆ, ಬೇಡ ಅನ್ನಬಹುದೇನೋ ಎಂದು. ಅವನು ಅನ್ನಲಿಲ್ಲ. ಕಳಿಸಿದೆ.

ಅರ್ಧ ಗಂಟೆಯಲ್ಲಿ ಅವನ ಫೋನ್ ರಿಂಗಾಯಿತು. ಪಹಣಿ ಹಿಡಿದವರ ನಡುವೆ ನೆಟ್ಟಗೆ ನಿಂತು ಇಂಗ್ಲಿಷ್‌ನಲ್ಲಿ ಮಾತಾಡಿದ. ಇಟ್ಟ ಮೇಲೆ ಹೇಳಿದ, "ಸೋಮವಾರ ನಂಗೆ ಟೆಸ್ಟ್ ಅಂತೆ. ಇನ್ನಿಬ್ರು ಅವ್ರೆ, ಗ್ಯಾರಂಟಿ ಇಲ್ಲ ಅಂದ್ರು." ಫೋನ್ ಜೇಬಿಗೆ ಹಾಕುತ್ತಾ ಅಂದ, "ನಿಂದು ಕ್ಯಾನ್ಸಲ್ಲು."

"ನನ್ನ ಏನೇನ್ ಕೇಳಿದ್ರು ಅಂತ ಹೇಳ್ಲಾ?"

"ಬ್ಯಾಡ. ನಂಗ್ ಬಂದಷ್ಟು ಬರೀತೀನಿ."

ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. "ನಿನ್ ಕಂಡ್ರೆ ನಂಗೆ ತುಂಬಾ ಇಷ್ಟ ಕಣೋ" ಎಂದುಬಿಟ್ಟೆ, ಅಷ್ಟೂ ಜನರ ಎದುರಿಗೆ. "ಕಾಲ್ ಕದಿಯೋ ಮುಂಚೇನೂ ಇಷ್ಟ ಇತ್ತು. ಕದ್ದಾಗ್ಲೂ ಇತ್ತು. ಅದಕ್ಕೇ ಸತ್ತೋಗ್ಬೇಕು ಅನ್ನಿಸ್ತಿತ್ತು."

ಸರದಿಯಲ್ಲಿದ್ದ ಅಜ್ಜಿಯೊಬ್ಬಳು ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಓಬಳೇಶ್ ಆಧಾರ್ ಕಾರ್ಡೊಂದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಳುತ್ತಿದ್ದೆ. ಕೆಲಸವೂ ಹೋಯಿತು, ಅವನೂ ಹೋದ. ಮನೆಗೆ ಹೋಗಿ ಇವತ್ತಾದರೂ ಅಮ್ಮನಿಗೆ ಹೇಳಲೇಬೇಕು. ಹೇಗೆ ಶುರುಮಾಡಲಿ ಎಂದೇ ತಿಳಿಯುತ್ತಿರಲಿಲ್ಲ. ಬಸ್ಸು ಹೊರಟಿತು. ಯಾರೋ ಹಿಂದಿನಿಂದ ಬಡಿದು ನಿಲ್ಲಿಸಿ ಹತ್ತಿದರು. ಪಕ್ಕದಲ್ಲಿ ಬಂದು ಕುಳಿತವನು ಏದುಸಿರು ಬಿಡುತ್ತಿದ್ದ.

"ಎಲ್ಲಿಗೋ?" ಎಂದೆ.

"ನಿಮ್ಮನೆಗೆ. ನಿಮ್ಮಮ್ಮಂಗೆ ಹೇಳ್ಬೇಕಲ್ಲ? ಒಬ್ಳೇ ಹೋದ್ರೆ ಮತ್ತೆ ನಾಳೆ ಅಂತೀಯ ನೀನು."

"ನನ್ ಮ್ಯಾಲೆ ಸಿಟ್ಟಿಲ್ವಾ?"

"ಐತೆ. ಸುಮಾರ್ ದಿನ ಇರ್ತೈತೆ." ಮುಂದೆ ನೋಡುತ್ತಲೇ ನನ್ನ ಕೈ ಹಿಡಿದುಕೊಂಡ. ಹಾಳೆ ಮುಟ್ಟಿ ಮುಟ್ಟಿ ಒರಟಾದ ಬೆರಳು. "ಇಷ್ಟ ಇಲ್ದೋರ ಮ್ಯಾಲೆ ನಾನು ಇಷ್ಟ್ ಸಿಟ್ಟು ಮಾಡ್ಕಳಲ್ಲ."

ಕಂಡಕ್ಟರ್ ಬಂದು ನಿಂತ. ಓಬಳೇಶ್ ನನ್ನ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಜೇಬು ತಡಕಾಡಿದ.

"ದುರ್ಗ ಎರಡು ಕೊಡ್ರಿ" ಎಂದ. "ಇವ್ರದು ಲೇಡೀಸ್ ಫ್ರೀ, ನಂದು ದುಡ್ಡು."