ಓರೆಗಣ್ಣಿಗೆ ಬಿದ್ದ ಬಾಲಚುಕ್ಕಿ

ಬಹಳ ಹಿಂದೆ, ನಕ್ಷತ್ರಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಮುಗಿಲಪಟ್ಟಣವೆಂಬ ರಾಜ್ಯವಿತ್ತು. ಅಲ್ಲಿ ಹೊಸ ಸೊಸೆ ಅತ್ತೆಯೆದುರು ಗಂಡನ ಮುಖ ನೋಡುವಂತಿರಲಿಲ್ಲ. ಹೊನ್ನಾಂಬೆಯೂ ನೋಡುತ್ತಿರಲಿಲ್ಲ, ಅತ್ತೆ ಹಾಗೆ ನಂಬಿದ್ದಾರೆಂದು ಅವಳು ನಂಬಿದ್ದಳು.

ಅವಳ ಗಂಡ ಮಾದರಸ ಅರಮನೆಯ ಕಹಳೆಗಾರ. ಮಾಂತ್ರಿಕ ಧೂಮ್ರಜಟ ಊರೊಳಗೆ ಬಂದಾಗ ರಾಜನೂ ಅಡ್ಡಬಿದ್ದ. ಇವನೊಬ್ಬ ಮಾತ್ರ ಕಹಳೆ ಊದಲಿಲ್ಲ. ಮಾಂತ್ರಿಕ ಅವನನ್ನು ಕೊಕ್ಕರೆ ಮಾಡಿಬಿಟ್ಟ.

"ನೂರು ವರ್ಷಕ್ಕೊಮ್ಮೆ ಬರುವ ಬಾಲಚುಕ್ಕಿ ಇನ್ನು ಮೂರು ಸಂಜೆ ಪಡುವಣದಲ್ಲಿರುತ್ತೆ. ನನ್ನ ಪ್ರಾಣ ಅದರ ಬಾಲದಲ್ಲಿದೆ. ಕಂಡು ಬೆರಳು ತೋರಿಸು, ನಾನು ಸತ್ತೆ, ನಿನ್ನ ಗಂಡ ಮನುಷ್ಯನಾದ. ಇಲ್ಲವೋ, ಅವನಿಗೆ ಮೀನು ಹಿಡಿಯೋದು ಕಲಿಸು," ಎಂದು ಹೊನ್ನಾಂಬೆಗೆ ಹೇಳಿ ನಕ್ಕ. ಮಾಂತ್ರಿಕರಿಗೆ ಗುಟ್ಟು ಹೇಳಿಕೊಳ್ಳುವ ಚಟ.

ಮೊದಲ ಸಂಜೆ ಅವಳು ಅತ್ತೆ ಗಿರಿಜವ್ವೆಯೊಡನೆ ಕೋಟೆಯ ಬುರುಜು ಹತ್ತಿದಳು. ಕೊಕ್ಕರೆಯೂ ಹಿಂದೆಯೇ ಬಂತು. ಹೊಗೆಯ ಹಾವೊಂದು ಪಡುವಣವನ್ನೆಲ್ಲ ಸುತ್ತಿಕೊಂಡಿತು. ಸೆರಗು ಬೀಸಿ ಬೀಸಿ ಅದನ್ನು ಚದುರಿಸುವಷ್ಟರಲ್ಲಿ ಚುಕ್ಕಿ ಮುಳುಗಿತ್ತು.

ಎರಡನೆಯ ಸಂಜೆ ಮಿಂಚುಹುಳಗಳು ಸುಳ್ಳು ಬಾಲ ಬೆಳೆಸಿಕೊಂಡು ಆಕಾಶ ತುಂಬಿದವು. ನಿಜದ್ದನ್ನು ಹುಡುಕುವಷ್ಟರಲ್ಲಿ ಆ ಹೊತ್ತೂ ಕಳೆಯಿತು. ಕೊಕ್ಕರೆ ಅವತ್ತು ಕಂದಕಕ್ಕಿಳಿದು ಮೊದಲ ಮೀನು ಹಿಡಿಯಿತು. ಯಾರೂ ಕಲಿಸಿರಲಿಲ್ಲ.

ಮೂರನೆಯ ಸಂಜೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಹೊಗೆಯಿಲ್ಲ, ಹುಳವಿಲ್ಲ, ಬಾಲಚುಕ್ಕಿಯೂ ಇಲ್ಲ.

"ಅತ್ತೆಮ್ಮ, ಏನೋ ಮಸುಕಾಗಿ ಹೊಳೆಯುತ್ತೆ. ದಿಟ್ಟಿಸಿದರೆ ಮಾಯ."

"ಹಾಗೆ ಕಣ್ಣರಳಿಸಿಕೊಂಡು ಯಾಕೆ ನೋಡ್ತೀಯೇ? ನನ್ನೆದುರಿಗೆ ನನ್ನ ಮಗನ್ನ ನೋಡ್ತಿದ್ಯಲ್ಲ, ಹಾಗೆ ನೋಡು."

"ನಾನೆಲ್ಲಿ ನೋಡ್ತಿದ್ದೆ?"

"ಅನ್ನ ಬಡಿಸ್ತಾ, ಕಣ್ಣು ಎಲೆ ಮೇಲೆ, ನೋಟ ಅವನ ಮೇಲೆ. ನಾನೇನು ಕುರುಡಿಯಾ? ಹೊತ್ತಾಗ್ತಿದೆ, ನಾಚಿಕೆ ಆಮೇಲೆ ಪಡುವೆಯಂತೆ!"

ಹೊನ್ನಾಂಬೆ ಗುಡ್ಡದ ಮೇಲಿನ ಹುಣಸೆಮರದತ್ತ ಕಣ್ಣಿಟ್ಟಳು. ಕಣ್ಣಂಚಿನಲ್ಲಿ ಬಾಲಚುಕ್ಕಿ ಬೆಳ್ಳಗೆ, ಮೆಲ್ಲಗೆ, ಬಾಲ ಬಿಚ್ಚಿತು. ತಿರುಗದೆಯೇ ಅವಳು ಬೆರಳು ಚಾಚಿದಳು.

ಧೂಮ್ರಜಟ ನೆಟ್ಟನೋಟಕ್ಕೆಲ್ಲ ಮಂತ್ರ ಕಟ್ಟಿದ್ದ. ಓರೆನೋಟ ಅವನಿಗೆ ಹೊಳೆದಿರಲಿಲ್ಲ, ಮದುವೆಯಾಗದ ಮನುಷ್ಯ. ನಿಂತಲ್ಲೇ ಬೂದಿಯಾಗಿ ಗಾಳಿಗೆ ಹಾರಿಹೋದ.

ಬುರುಜಿನ ಮೇಲೆ ಮಾದರಸ ಒಂಟಿಕಾಲಲ್ಲಿ ನಿಂತಿದ್ದ.

"ಇನ್ನೊಂದು ಕಾಲೂ ಊರೋ, ಮುಗೀತು," ಎಂದರು ಗಿರಿಜವ್ವೆ.

ಹೊನ್ನಾಂಬೆ ಗಂಡನನ್ನು ನೇರವಾಗಿ, ಕಣ್ತುಂಬ ನೋಡಿದಳು. ಅತ್ತೆ ಮುಖ ತಿರುಗಿಸಿ ಹುಣಸೆಮರ ನೋಡುತ್ತ ನಿಂತರು. ಅಂದಿನಿಂದ ಮುಗಿಲಪಟ್ಟಣದಲ್ಲಿ ಎಲ್ಲರೂ ಸುಖವಾಗಿದ್ದರು, ಕಂದಕದ ಮೀನುಗಳೂ.