ಹನ್ನೊಂದು ಡಿಗ್ರಿ ಎಡಕ್ಕೆ

“ನಾಳೆ ರಾತ್ರಿ ಸ್ನೋ ಬೀಳುತ್ತೆ. ಬಿದ್ದರೆ ಆ ಬೆಟ್ಟಕ್ಕೆ ಏಪ್ರಿಲ್‌ವರೆಗೆ ದಾರಿಯಿಲ್ಲ,” ಎಂದಳು ಡೊರೊಥಿ. “ನನಗೆ ಏಪ್ರಿಲ್ ಇದೆ ಅಂತ ಯಾವ ಡಾಕ್ಟರೂ ಹೇಳಿಲ್ಲ.”

ತೊಂಬತ್ತೇಳರ ಆ ಮುದುಕಿಗೆ ಬೇಕಾಗಿದ್ದದ್ದು ಒಂದೇ ಒಂದು: ಅಣ್ಣ ವಾಲ್ಟರ್‌ನ ವಿಮಾನ ಬಿದ್ದ ಜಾಗದ ಫೋಟೊ.

ನ್ಯೂಜೆರ್ಸಿಯ ಮೆಟುಚೆನ್‌ನ ಆ ಮನೆಗೆ ದಿನವೂ ಬರುತ್ತಿದ್ದ ಪಕ್ಕದ ಮನೆಯ ತಾರಿಣಿ ಕೇಳಿಸಿಕೊಂಡಳು. ರಾಯಚೂರಿನಲ್ಲಿ ಏಳನೇ ತರಗತಿಗೇ ಶಾಲೆ ಬಿಟ್ಟವಳು. ನಾಲ್ಕು ಜನ ಸೇರಿದರೆ ತುಟಿ ಬಿಚ್ಚದವಳು. ಡೊರೊಥಿ ಓದಿ ಹೇಳುತ್ತಿದ್ದ ವಾಲ್ಟರ್‌ನ ಯುದ್ಧಕಾಲದ ಟಿಪ್ಪಣಿ ಪುಸ್ತಕ ಮಾತ್ರ ಅವಳಿಗೆ ಬಾಯಿಪಾಠವಾಗಿತ್ತು. ಅವನು ಬಾಂಬರ್ ವಿಮಾನದಲ್ಲಿ ದಾರಿಯ ಲೆಕ್ಕ ಹಾಕುವ ನ್ಯಾವಿಗೇಟರ್. ಹೊತ್ತು, ದಿಕ್ಕು, ದಿಕ್ಸೂಚಿಯ ಮುಳ್ಳಿನ ತಪ್ಪು ಎಷ್ಟು, ಕಳೆದರೆ ಎಷ್ಟು ಎಂದು ಸಾಲುಸಾಲಾಗಿ ಬರೆದಿದ್ದ.

ಅದರಲ್ಲಿ ಒಂದು ಪುಟವನ್ನು ಡೊರೊಥಿ ಮತ್ತೆ ಮತ್ತೆ ಓದುತ್ತಿದ್ದಳು. ಎರಡನೇ ಮಹಾಯುದ್ಧದಲ್ಲಿ ಶತ್ರುವಿನ ರೈಲ್ವೆ ಯಾರ್ಡಿನ ಮೇಲೆ ಮೂವತ್ತಾರು ವಿಮಾನ ಹೋದ ದಿನದ್ದು ಅದು. ಮುಂದಾಳು ವಿಮಾನ ದಿಕ್ಕು ತಪ್ಪಿತು. ಯಾರ್ಡು ಪಕ್ಕಕ್ಕೆ ಸರಿದುಹೋಯಿತು. ಇನ್ನೊಂದು ಸುತ್ತು ಬನ್ನಿ ಎಂದು ಆಜ್ಞೆ ಬಂತು. ಆ ಎರಡನೇ ಸುತ್ತಿಗೆ ಕೆಳಗಿನ ತೋಪುಗಳು ಕಾದು ಕೂತಿದ್ದವು.

‘11.52. ಎಡಕ್ಕೆ ಒಂದು ಬಿತ್ತು. 11.53. ಇನ್ನೊಂದು. ಪ್ಯಾರಾಶೂಟ್ ಇಲ್ಲ.’

ಬಾಂಬು ಹಳಿಗಳ ಮೇಲೆ ಬಿದ್ದವು. ಹದಿನೈದು ವಿಮಾನ ಮರಳಲಿಲ್ಲ. ಪುಟದ ಕೊನೆಗೆ ವಾಲ್ಟರ್ ಬರೆದಿದ್ದ: ‘ದಿಕ್ಕು ತಪ್ಪಿದ್ದು ನನಗೆ ಗೊತ್ತಿತ್ತು. ರೇಡಿಯೊ ಮುಟ್ಟಬೇಡಿ ಎಂದಿದ್ದರು. ಹೇಳಲಿಲ್ಲ.’ ಅದರ ಕೆಳಗೆ ಒಂದು ಸಾಲು ಖಾಲಿ.

ಅವನು ಬದುಕಿ ಬಂದ. ವಿಮಾನದಲ್ಲಿ ಹೊಸಬರಿಗೆ ಪಾಠ ಹೇಳುತ್ತಿದ್ದಾಗ, ಅದೇ ಚಳಿಗಾಲದ ಮಂಜಿನಲ್ಲಿ, ನ್ಯೂಜೆರ್ಸಿಯದೇ ಬೆಟ್ಟಕ್ಕೆ ಬಡಿದು ಸತ್ತ.

ಮರುದಿನ ಬೆಳಗ್ಗೆ ಮೂವರು ಬೆಟ್ಟದ ಮೇಲೆ ಕಾಡ್ಗಿಚ್ಚು ಕಾಯುವ ಫೈರ್ ಟವರಿನ ಕೆಳಗೆ ನಿಂತಿದ್ದರು: ತಾರಿಣಿ, ಅವಳ ಅಣ್ಣನ ಗೆಳೆಯ ಪಾರ್ಸಿಪನಿಯ ಸುಮೀತ್, ಅವನ ಜೊತೆ ಹೈಕಿಂಗ್ ಮಾಡುವ ವೆಸ್ಟ್ ವಿಂಡ್ಸರ್‌ನ ಮಾಳವಿಕಾ. ಅಂದು ಶವ ಹುಡುಕಿದವರು ಬರೆದ ಚೀಟಿಯೊಂದೇ ಆಧಾರ: ‘ಟವರಿನಿಂದ ದಿಕ್ಸೂಚಿಯಲ್ಲಿ 240 ಡಿಗ್ರಿ, ಒಂದೂವರೆ ಮೈಲಿ.’

ಸುಮೀತ್ ಫೋನಿನ ಆ್ಯಪ್‌ಗೆ 240 ಒತ್ತಿದ. ನಕ್ಷೆಯ ಮೇಲೆ ನೀಲಿ ಗೆರೆ ಮೂಡಿತು. “ಸಿಂಪಲ್! ಲಂಚ್ ಟೈಮಿಗೆ ವಾಪಸ್.”

ಗೆರೆಯ ಕೆಳಗೆ ಸಣ್ಣಗೆ ‘ಟ್ರೂ ನಾರ್ತ್’ ಎಂದಿತ್ತು, ಮುಳ್ಳು ತೋರುವ ಉತ್ತರ ದಿಕ್ಕಲ್ಲ, ನಿಜವಾದದ್ದು. ತಾರಿಣಿಗೆ ಕಂಡಿತು. ವಾಲ್ಟರ್‌ನ ಲೆಕ್ಕ ನೆನಪಾಯಿತು. ಹೇಳಲು ಬಾಯಿ ಬರಲಿಲ್ಲ.

ಎಲೆ ಕಳಚಿದ ಓಕ್ ಮರಗಳು ಬೂದು ಕಂಬಗಳಂತೆ ಇಳಿಜಾರಿನುದ್ದಕ್ಕೂ ನಿಂತಿದ್ದವು. ಬಂಡೆಗಳಿಗೆ ಹಿಮದ ತೆಳು ಗಾಜು ಅಂಟಿತ್ತು. ದೂರದ ಹೈವೇಯ ಸದ್ದು ಮೊದಲು ಸಣ್ಣದಾಯಿತು, ಆಮೇಲೆ ಅದೂ ಇಲ್ಲವಾಯಿತು. ಕಣಿವೆಯಿಂದ ಮಂಜು ಹಾಲುಕ್ಕಿದಂತೆ ಮೇಲೇರಿ ಮೊಣಕಾಲು ಮುಳುಗಿಸಿತು, ಸೊಂಟ ಮುಳುಗಿಸಿತು, ಕೊನೆಗೆ ಮುಂದೆ ಹೋಗುತ್ತಿದ್ದ ಮಾಳವಿಕಾಳ ಕೆಂಪು ಟೋಪಿಯನ್ನೂ ನುಂಗಿತು.

ಒಂದೂವರೆ ಮೈಲಿ ಮುಗಿಯಿತು. ಅಲ್ಲಿ ಬರಿಯ ಕಲ್ಲು.

“ನಥಿಂಗ್ ಹಿಯರ್,” ಎಂದಳು ಮಾಳವಿಕಾ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. “ಕ್ಯಾನ್ ವಿ ಗೋ ಬ್ಯಾಕ್?”

“ಇನ್ನೊಂದು ರೌಂಡ್ ಹೊಡೆಯೋಣ. ಇದೇ ಲೈನಲ್ಲಿ ಮುಂದೆ,” ಎಂದ ಸುಮೀತ್.

ಇನ್ನೊಂದು ಸುತ್ತು! ತಾರಿಣಿಯ ಕಣ್ಣ ಮುಂದೆ ವಾಲ್ಟರ್‌ನ ಆ ಪುಟ ಬಂತು. ಮುಂದೆ ಮಂಜಿನಲ್ಲಿ ತುಕ್ಕು ಹಿಡಿದ ತಂತಿಯೊಂದು ನೆಲಕ್ಕೆ ಬಿದ್ದಿತ್ತು. ಅದರಾಚೆ ಒಂದೂ ಮರವಿರಲಿಲ್ಲ.

ಸುಮೀತ್ ತಂತಿ ದಾಟಿದ.

“ನಿಲ್ರೀ!”

ಅವಳ ದನಿಗೆ ಅವಳೇ ಬೆಚ್ಚಿದಳು. ಅವನು ತಿರುಗಿದ. ಕಾಲಡಿಯ ಎಲೆರಾಶಿ ಜರ್ರನೆ ಕುಸಿಯಿತು.

ಕಬ್ಬಿಣದ ಅದಿರು ತೆಗೆದ ಹಳೆಯ ಗಣಿಬಾವಿ!

ಸೊಂಟದವರೆಗೆ ಇಳಿದವನು ಒಂದು ಬೇರು ಹಿಡಿದು ನೇತಾಡಿದ. ತಾರಿಣಿ ಬೋರಲು ಬಿದ್ದು ಅವನ ಬ್ಯಾಗಿನ ಪಟ್ಟಿ ಹಿಡಿದಳು. ಮಾಳವಿಕಾ ತಾರಿಣಿಯ ಕಾಲು ಹಿಡಿದಳು. ಕಲ್ಲೊಂದು ಉರುಳಿತು. ಅದು ನೀರಿಗೆ ಬಿದ್ದ ಸದ್ದು ಕೇಳಲು ಬಹಳ ಹೊತ್ತಾಯಿತು.

ಎಳೆದರು. ಎಳೆದರು. ಮೇಲೆ ಬಂದ.

ಎಲೆಗಳ ಮೇಲೆ ಬಿದ್ದಿದ್ದ ಫೋನು ಹೊತ್ತು 2.17 ಎಂದು ತೋರುತ್ತಿತ್ತು. ಕೊನೆಗೆ ತಾರಿಣಿಯೇ ನೆಲ ನೋಡುತ್ತ ಶುರುಮಾಡಿದಳು: “ಫೋನು ನಿಜವಾದ ಉತ್ತರ ದಿಕ್ಕಿನಿಂದ ಎಣಸತೈತ್ರಿ. ಚೀಟಿ ಬರದವರ ಕೈಯಾಗ ಇದ್ದದ್ದು ಮುಳ್ಳು. ಜೆರ್ಸಿಯೊಳಗ ಮುಳ್ಳು ಹನ್ನೊಂದು ಡಿಗ್ರಿ ಸುಳ್ಳು ಹೇಳತೈತಿ ಅಂತ ವಾಲ್ಟರ್ ಬರದಾನ. 240ರಾಗ ಹನ್ನೊಂದು ಕಳೀಬೇಕು, 229. ನಾವು ಎಡಕ್ಕ ಇರಬೇಕಿತ್ತು.”

ಸುಮೀತ್ ಕೆಸರು ಒರೆಸಿಕೊಂಡ. “ಬೆಳಗ್ಗೆಯೇ ಗೊತ್ತಿತ್ತಾ?”

“ಹೂಂ.”

“ಮತ್ತೆ ಹೇಳೋಕೇನು ತಾಯಿ, ವೀಸಾ ಬೇಕಿತ್ತಾ?”

ಮಾಳವಿಕಾ ನಡುಗುತ್ತಲೇ ನಕ್ಕುಬಿಟ್ಟಳು. “ಯು ಲೀಡ್, ತಾರಿಣಿ.”

ಈಗ ತಾರಿಣಿ ಮುಂದೆ. ಒಂದು ಕೋಲು ಕಡಿದುಕೊಂಡು, ನೆಲ ಚುಚ್ಚಿ ನೋಡದೆ ಹೆಜ್ಜೆಯಿಡಲಿಲ್ಲ. ಪೊದೆಯೊಳಗೇನೋ ಭಾರವಾಗಿ ಉಸಿರುಬಿಟ್ಟಿತು. ಕರಡಿಯೋ ಏನೋ. ಮೂವರೂ ಕಲ್ಲಾಗಿ ನಿಂತರು. ಅದು ಹೋದಮೇಲೆ ಮತ್ತೆ ನಡೆದರು.

ಕಾಲು ಮೈಲಿಯ ಮೇಲೆ ಕೋಲು ಠಣ್ ಎಂದಿತು.

ಪಾಚಿ ಹೊದ್ದ ಪ್ರೊಪೆಲ್ಲರ್ ರೆಕ್ಕೆ ಹೂವಿನೆಸಳಿನಂತೆ ಬಾಗಿ ಮಲಗಿತ್ತು. ತುಂಡಾದ ಲೋಹದ ಪಕ್ಕೆಲುಬುಗಳ ನಡುವಿನಿಂದ ಬರ್ಚ್ ಮರವೊಂದು ಬೆಳೆದಿತ್ತು. ಫೋಟೊ ತೆಗೆದರು. ಏನನ್ನೂ ಮುಟ್ಟಲಿಲ್ಲ. ತಾರಿಣಿ ಚಪ್ಪಟೆ ಬಂಡೆಯ ಮೇಲೆ ಹದಿನೈದು ಕಲ್ಲಿಟ್ಟಳು. ತುಸು ಯೋಚಿಸಿ, ಹದಿನಾರನೆಯದನ್ನೂ ಇಟ್ಟಳು.

ಮರಳಿ ಮೆಟುಚೆನ್ ಮುಟ್ಟಿದಾಗ ಮೊದಲ ಸ್ನೋ ಉದುರುತ್ತಿತ್ತು. ಡೊರೊಥಿ ಫೋಟೊವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. “ಮರ ಬೆಳೆದಿದೆ,” ಎಂದಳಷ್ಟೆ. ಸುಮೀತ್ ಗಣಿಬಾವಿಯ ಕತೆ ಹೇಳಿದ. ಮುದುಕಿ ವಾಲ್ಟರ್‌ನ ಪುಸ್ತಕ ತೆರೆದು, ಆ ಖಾಲಿ ಸಾಲಿಗೆ ಬೆರಳಿಟ್ಟು, ತಾರಿಣಿಯ ಕೈಗೆ ಪೆನ್ಸಿಲ್ ಕೊಟ್ಟಳು.

ತಾರಿಣಿ ಕನ್ನಡದಲ್ಲಿ ನಿಧಾನವಾಗಿ ಬರೆದಳು: ‘2.17. 229 ಡಿಗ್ರಿ. ಹೇಳಿದೆ.’