ಗಾರ್ಡು ಕಟ್ಟೆ ಕೆಳಗಿದ್ದಾನೆ

ಗರಗಸದ ಹಲ್ಲಿಗೂ ನನ್ನ ಬಲಗಿವಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು.

ನಾಲ್ಕೇ.

ದಿಮ್ಮಿ ಸೀಳುವ ಗಾಡಿಯ ಮೇಲೆ ನನ್ನನ್ನು ಬೋರಲು ಕೆಡವಿದ್ದರು. ಕೈಗಳು ಹಿಂದಕ್ಕೆ. ಪಾರ್ಸೆಲ್ ಕಟ್ಟುವ ಸುತಲಿಯ ಬಿಗಿತ. ಬೆನ್ನ ಮೇಲೆ ಒಬ್ಬನ ಮೊಣಕಾಲು. ಬಾಯಿ ತುಂಬ ಹೊನ್ನೆಮರದ ಹೊಟ್ಟು... ಒಗರು.

"ಇನ್ನೊಂದ್ಸಲ ಕೇಳ್ತೀನಿ ಚಲಪತಿ," ಎಂದ ಮಿಲ್ಲಿನ ಯಜಮಾನ ಕೋನಪ್ಪ. ಮದುವೆಗೆ ಕರೆಯಲು ಬಂದವನ ದನಿ. "ಆ ಮುದ್ರೆ ಬಿದ್ದಿರೋ ಹಲಗೆ ಯಾರ್ಯಾರು ನೋಡವ್ರೆ?"

"ನಾನೊಬ್ನೇ."

"ಸುಳ್ಳು."

"ಗೊತ್ತಿದ್ರೆ ಯಾಕಪ್ಪ ಕೇಳ್ತೀಯ?"

ಗಾಡಿ ಒಂದು ಬೆರಳು ಮುಂದೆ ಸರಿಯಿತು.

ನೀವು ನಂಬುತ್ತೀರೋ ಇಲ್ಲವೋ ಸ್ವಾಮಿ... ಆ ಹೊತ್ತಿನಲ್ಲಿ ನನಗೆ ಗರಗಸ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ಸುತ್ತಿಗೆ. ಟಕ್... ಟಕ್. ಎರಡೇ ಏಟು. ಮೂರು ವರ್ಷದಿಂದ, ಊಟಕ್ಕೆ ಕೂತರೂ ಕಣ್ಣು ಮುಚ್ಚಿದರೂ ಕೇಳಿಸುವ ಅದೇ ಎರಡು ಏಟು.

ಮೊದಲಿನಿಂದ ಹೇಳುತ್ತೇನೆ.

ಎರಡು ಸಾವಿರದ ಆರನೇ ಇಸವಿ. ಕಳೆದುಹೋದದ್ದನ್ನು ಹುಡುಕುವುದು ನನ್ನ ಕಸುಬು. ಲಾರಿ, ಲೋಡು, ಪಾರ್ಸೆಲ್ಲು, ಓಡಿಹೋದ ಡ್ರೈವರು. ಬೋರ್ಡಿಲ್ಲ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿ ಬೆಂಚೇ ಆಫೀಸು.

ಅಲ್ಲಿಗೆ ಒಂದು ಬೆಳಿಗ್ಗೆ ಸತ್ಯಮೂರ್ತಿ ಮೇಷ್ಟ್ರು ಬಂದರು. ರಿಟೈರಾದ ಡ್ರಾಯಿಂಗ್ ಮಾಸ್ಟರು. ಮರಗೆಲಸದ ಹುಚ್ಚು. ಒಳ್ಳೆಯ ಗಟ್ಟಿಮರ ಸಣ್ಣ ಅಳತೆಯಲ್ಲಿ ಡಿಪೋಗಳಲ್ಲಿ ಸಿಗುವುದಿಲ್ಲವೆಂದು ಅಂಚೆಯಲ್ಲಿ ತರಿಸುತ್ತಿದ್ದರು. ಗೌರಿಬಿದನೂರಿನ ಗಂಧರ್ವ ಹಾರ್ಡ್‌ವುಡ್ಸ್. ಅವರದೊಂದು ಕ್ಯಾಟಲಾಗು, ಅದಕ್ಕೆ ಅಂಟಿಸಿದ ಬೆರಳುದ್ದದ ಸ್ಯಾಂಪಲ್ಲುಗಳು... ಹೊನ್ನೆ, ಬೀಟೆ, ಮತ್ತಿ, ಹಲಸು. ಫಾರಂ ತುಂಬಿ ಮನಿಯಾರ್ಡರ್ ಮಾಡಿದರೆ ಹತ್ತು ದಿನಕ್ಕೆ ಗೋಣಿ ಹೊಲಿದ ಪಾರ್ಸೆಲ್ಲು ಬಾಗಿಲಿಗೆ.

"ಪುರಾಣ ಓದೋಕೆ ಒಂದು ಪೀಠ ಮಾಡೋಣಾಂತ ನಾಲ್ಕು ಹೊನ್ನೆ ಹಲಗೆಗೆ ಬರೆದಿದ್ದೆ ಕಣಯ್ಯ. ಮೂರೇ ಬಂದಿದೆ. ನಾಲ್ಕನೇದು ಹುಡುಕಿಕೊಡು."

"ಒಂದು ಹಲಗೆಗೆ ಪತ್ತೇದಾರನಾ ಮೇಷ್ಟ್ರೇ?"

"ಮೂರರಲ್ಲೇ ಮಾಡ್ಕೊಂಡು ಪುಸ್ತಕಾನ ನಿನ್ನ ತಲೆ ಮೇಲೆ ಇಡ್ಲಾ?"

ಅವರ ಮನೆಗೆ ಹೋದೆ. ಹಲಗೆಗಳನ್ನು ತಿರುಗಿಸಿ ನೋಡಿದೆ. ಮೂರನೆಯದರ ತುದಿಯಲ್ಲಿ ಕೈ ನಿಂತಿತು.

ದುಂಡನೆಯ ಮುದ್ರೆ. ಒಳಗೆ 'ಮು'. ಅದರ ಕೆಳಗೆ ೭. ಪಕ್ಕದಲ್ಲೇ ಅಂಥದೇ ಇನ್ನೊಂದು.

ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಫಾರೆಸ್ಟ್ ಗಾರ್ಡಿನ ಕೈಯಲ್ಲಿ ಮುದ್ರೆ ಸುತ್ತಿಗೆ ಇರುತ್ತದೆ. ದಿಮ್ಮಿಯ ತುದಿಗೆ ಅದರ ಏಟು ಬೀಳದೆ ಮರ ಚೆಕ್‌ಪೋಸ್ಟ್ ದಾಟುವುದಿಲ್ಲ. 'ಮು ೭' ಮುನಿಗಂಗಪ್ಪನ ಸುತ್ತಿಗೆ. ಒಂದು ಏಟು ಸಾಕು. ಅವನು ಮಾತ್ರ ಎರಡು ಹೊಡೆಯುತ್ತಿದ್ದ. "ಒಂದು ಸರ್ಕಾರಕ್ಕೆ, ಒಂದು ಮರದ ತಾಯಿಗೆ," ಎನ್ನುತ್ತಿದ್ದ.

ಮುದ್ರೆಯ ಸಂದಿನಲ್ಲಿ ಕೆಂಪು ಅಂಟಿತ್ತು. ಬೆರಳಿಗೆ ಹತ್ತಿತು. ಹೊನ್ನೆ ಕಡಿದರೆ ನೆತ್ತರಿನಂಥ ರಸ ಒಸರುತ್ತದೆ. ದಿನ ಕಳೆದಂತೆ ಒಣಗಿ ಕಪ್ಪಾಗುತ್ತದೆ. ಇದು ಕಡಿದು ತಿಂಗಳೂ ಆಗದ ಮರ.

ಮುನಿಗಂಗಪ್ಪ ಮಾಯವಾಗಿ ಮೂರು ವರ್ಷ.

ಆಗ ನಾನೂ ಗಾರ್ಡು. ಸಾದಲಿ ರಸ್ತೆಯ ಚೆಕ್‌ಪೋಸ್ಟಿನಲ್ಲಿ ಇಬ್ಬರಿಗೂ ಡ್ಯೂಟಿ. ಆ ದಿನ ನಾನು ತತ್ವಪದ ಕೇಳಲೆಂದು ಕೈವಾರಕ್ಕೆ ಹೋಗಿದ್ದೆ. "ಹೋಗಿ ಬಾರೋ, ನಾನಿದ್ದೀನಿ," ಎಂದು ಅವನೇ ಕಳಿಸಿದ್ದ. ತಂಬೂರಿಯ ನಾದ ಕಿವಿಯಲ್ಲಿಟ್ಟುಕೊಂಡು ಸಂಜೆಗೆ ಬಂದರೆ ಗೇಟು ತೆಗೆದೇ ಇತ್ತು. ಅವನಿಲ್ಲ. ಸುತ್ತಿಗೆಯೂ ಇಲ್ಲ.

ಸುತ್ತಿಗೆ ಮಾರಿಕೊಂಡು ಪರಾರಿ ಎಂದು ಇಲಾಖೆ ಬರೆಯಿತು. ನಾನು ಕೆಲಸ ಬಿಟ್ಟೆ.

ಶಿಡ್ಲಘಟ್ಟದಲ್ಲಿ ಅವನ ಹೆಂಡತಿ ಗಂಗುಲಮ್ಮ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಕುದಿಯುವ ಬಾಣಲೆಯ ಮುಂದೆ ಕೂತ ಅಕ್ಕಪಕ್ಕದವರು ಅವಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. 'ಸುತ್ತಿಗೆ ಕಳ್ಳನ ಹೆಂಡ್ತಿ.' ಕುಂಕುಮ ಇಟ್ಟರೆ ನಗು. ಇಡದಿದ್ದರೆ ಅದಕ್ಕೂ ನಗು. ಗಂಡ ಬದುಕಿದ್ದರೆ ಕಳ್ಳ, ಸತ್ತಿದ್ದರೆ ಸಾಕ್ಷಿಯಿಲ್ಲ.

ಆಗ ಪೊಲೀಸರಿಗೆ ಒಂದು ಕಾರ್ಡು ಬಂದಿತ್ತು. ಹೆಸರಿಲ್ಲ, ಸಹಿಯಿಲ್ಲ. ಒಂದೇ ಸಾಲು.

'ಗಾರ್ಡು ಕಟ್ಟೆ ಕೆಳಗಿದ್ದಾನೆ.'

ಚೆಕ್‌ಪೋಸ್ಟಿನ ಹತ್ತಿರ ಒಂದೇ ಕಟ್ಟೆ. ಅರಳಿಕಟ್ಟೆ. ನಾಗರಕಲ್ಲುಗಳನ್ನು ಕಿತ್ತು, ಕಲ್ಲುಚಪ್ಪಡಿ ಎಬ್ಬಿಸಿ, ಆಳುದ್ದ ಅಗೆದರು. ಬೇರು ಬಿಟ್ಟರೆ ಏನೂ ಸಿಗಲಿಲ್ಲ. ನಾಗರನನ್ನು ಕೆಡಿಸಿದವಳು ಎಂಬ ಮಾತೂ ಗಂಗುಲಮ್ಮನ ತಲೆಗೇ ಬಿತ್ತು. ತಾನೇ ಮಣ್ಣು ಹೊತ್ತು ಆ ಕಟ್ಟೆಯನ್ನು ಮತ್ತೆ ಕಟ್ಟಿದಳು. ನಾನು ದೂರ ನಿಂತು ನೋಡಿದೆ. ಹತ್ತಿರ ಹೋಗುವ ಮುಖ ನನಗಿರಲಿಲ್ಲ.

ಆ ಕಾರ್ಡಿನ ಜೆರಾಕ್ಸು ನನ್ನ ಪರ್ಸಿನಲ್ಲಿ ಮೂರು ವರ್ಷ ಸವೆದಿತ್ತು. ಈಗ ಮೇಷ್ಟ್ರ ಪಾರ್ಸೆಲ್ಲಿನ ಗೋಣಿ ಎತ್ತಿ ವಿಳಾಸ ನೋಡಿದೆ.

ಅದೇ ಕೈಬರಹ. ಪ್ರತಿ ಅಕ್ಷರದ ತಲೆಯ ಮೇಲೂ ಉತ್ತರಪತ್ರಿಕೆಗೆ ಮೇಷ್ಟ್ರು ಹಾಕುವ ರೈಟ್ ಗುರುತಿನಂಥ ಗೀಟು.

ಮಾರನೆಯ ದಿನವೇ ಗೌರಿಬಿದನೂರು. ಕಂಕುಳಲ್ಲಿ ಹಲಗೆ. ನಾನು ಮೇಷ್ಟ್ರ ಅಳಿಯ, ನಾಲ್ಕನೇ ಹಲಗೆ ಕೇಳಲು ಬಂದವನು ಎಂದೆ. ಪ್ಯಾಕಿಂಗ್ ಶೆಡ್ಡಿಗೆ ಕಳಿಸಿದರು. ಅಲ್ಲಿ ಅರವತ್ತರ ಮುದುಕನೊಬ್ಬ ಗೋಣಿಯ ಮೇಲೆ ಮಸಿಕಡ್ಡಿಯಿಂದ ವಿಳಾಸ ಬರೆಯುತ್ತಿದ್ದ. ವೆಂಕಟರವಣಪ್ಪ. ಹಿಂದೂಪುರದ ಕಡೆಯವನು. ಬರೆಯುತ್ತ ಬರೆಯುತ್ತ ತಲೆಗೀಟು, ತಲೆಗೀಟು.

ಜೆರಾಕ್ಸನ್ನು ಅವನ ಮುಂದಿಟ್ಟೆ.

ಮುದುಕನ ಕೈಯಿಂದ ಕಡ್ಡಿ ಜಾರಿತು. "ನೇನು ಕಾದು," ಎಂದ. ನಾನಲ್ಲ.

"ಕೋನಪ್ಪನಿಗೆ ಹೇಳಲ್ಲ ಯಜಮಾನ್ರೇ. ಯಾವ ಕಟ್ಟೆ, ಅಷ್ಟು ಹೇಳಿ."

ಅವನು ಬಾಯಿ ತೆರೆದ. ಅವನ ಕಣ್ಣು ನನ್ನ ಹೆಗಲಿನಾಚೆ ಹೋಯಿತು. ಬಾಯಿ ಮುಚ್ಚಿತು.

ತಿರುಗಿದೆ. ಕೋನಪ್ಪ. ಅವನ ಹಿಂದೆ ಇಬ್ಬರು.

"ಎಲ್ಲೋ ನೋಡಿದ್ದೀನಿ ನಿನ್ನ," ಎಂದ ಅವನು. "ಆ ಗಾರ್ಡ್ ಜೊತೆಗಾರ ಅಲ್ವಾ?"

ಓಡಿದೆ. ದಿಮ್ಮಿಗಳ ಸಾಲು, ಹೊಟ್ಟಿನ ಗುಡ್ಡೆ, ಹಿತ್ತಲಿನಲ್ಲಿ ಮನೆಯೆತ್ತರದ ಸೌದೆ ರಾಶಿ. ಅದನ್ನೇರಿ ಕಾಂಪೌಂಡು ಹಾರಬೇಕೆಂದಿದ್ದೆ. ಸೌದೆ ಜಾರಿತು. ಕಾಲು ಹಿಡಿದು ಎಳೆದರು.

ಅಲ್ಲಿಂದ ಗರಗಸದ ಗಾಡಿಗೆ.

ಈಗ ಎರಡು ಬೆರಳು. ಬ್ಲೇಡಿನ ಗಾಳಿ ಕಿವಿಯ ಕೂದಲನ್ನು ಆಡಿಸುತ್ತಿತ್ತು.

ಕೋನಪ್ಪನಿಗೆ ಮಾತು ಸಾಕಾಗಿತ್ತು. ನನ್ನ ಜೊತೆ ಕನ್ನಡ ಆಡುತ್ತಿದ್ದವನು ಆಳುಗಳ ಕಡೆ ತಿರುಗಿದ.

"ಚಾಲ್ರಾ. ವೀಡ್ನಿ ಕೂಡಾ ಕಟ್ಟೆಲ ಕಿಂದ ಪೆಟ್ಟೇಯಂಡಿ."

ಸಾಕು ಕಣ್ರೋ. ಇವನನ್ನೂ ಸೌದೆ ಕೆಳಗೆ ಹಾಕಿಬಿಡಿ.

ಇವನನ್ನೂ...

ಕೊಸರಾಡುವುದನ್ನು ಬಿಟ್ಟೆ. ಗರಗಸಕ್ಕಲ್ಲ ಸ್ವಾಮಿ. ಆ ಒಂದು ಪದಕ್ಕೆ. ತೆಲುಗಿನಲ್ಲಿ ಕಟ್ಟೆ ಎಂದರೆ ಸೌದೆ! ಆ ತಲೆಗೀಟು ತೆಲುಗು ಅಕ್ಷರಗಳ ಮೇಲೆ ಹಾಕುವ ತಲಕಟ್ಟು. ಕಾರ್ಡು ಬರೆದವನು ತೆಲುಗಿನವನು. ನನಗೂ ತೆಲುಗು ಬರುತ್ತದೆ, ಆ ಪೊಲೀಸರಲ್ಲಿ ಅರ್ಧ ಜನಕ್ಕೆ ಬರುತ್ತದೆ. ಆದರೆ ಕನ್ನಡದಲ್ಲಿ ಬರೆದಿದ್ದನ್ನು ಕನ್ನಡದಲ್ಲೇ ಓದಿದೆವು. ದೇವರ ಕಟ್ಟೆ ಅಗೆದೆವು.

ಈಗಷ್ಟೇ ಆ ಸೌದೆ ರಾಶಿ ಹತ್ತಿ ನಾನು ಮುನಿಗಂಗಪ್ಪನ ಮೇಲೇ ಓಡಿ ಬಂದಿದ್ದೆ.

ಗರಗಸ ನಿಂತಿತು.

ಮೋಟಾರಿನ ಬೆಲ್ಟು ಹಾವಿನಂತೆ ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಪಕ್ಕದಲ್ಲಿ ವೆಂಕಟರವಣಪ್ಪ. ಕೈಯಲ್ಲಿ ದಿಮ್ಮಿ ಹೊರಳಿಸುವ ಹಾರೆ.

"ಒಂದು ಹೆಣ ಸಾಕು ಸಾಮಿ," ಎಂದ ಕೋನಪ್ಪನಿಗೆ. "ಇನ್ನೊಂದಕ್ಕೆ ನಾನು ವಿಳಾಸ ಬರೆಯಲ್ಲ."

"ಮುದುಕ, ತಲೆ ಕೆಟ್ಟಿದೆಯಾ?"

"ಮೂರು ವರ್ಷದಿಂದ ಕೆಟ್ಟಿದೆ."

ಬೆನ್ನ ಮೇಲಿನ ಮೊಣಕಾಲು ಅರೆಕ್ಷಣ ಸಡಿಲವಾಯಿತು. ಉರುಳಿಬಿದ್ದೆ. ಗೇಟಿನ ಹತ್ತಿರ ಹಾರನ್ ಕೇಳಿಸಿತು. ಮೂರೂವರೆಗೆ ಪಾರ್ಸೆಲ್ ಒಯ್ಯಲು ಬರುವ ಅಂಚೆಯ ಕೆಂಪು ವ್ಯಾನು. ಕೈ ಹಿಂದಕ್ಕೆ ಕಟ್ಟಿದ್ದಂತೆಯೇ ಓಡಿದೆ. ಹಿಂದೆ ಇಬ್ಬರ ಹೆಜ್ಜೆ. ವ್ಯಾನಿನ ತೆರೆದ ಬಾಗಿಲಿಗೆ ಎದೆಕೊಟ್ಟು ಬಿದ್ದೆ.

ಡ್ರೈವರು ತಿರುಗಿ ನೋಡಿದ. "ಏನ್ರೀ ಇದು?"

"ಪಾರ್ಸೆಲ್ಲು," ಎಂದೆ. "ಪೊಲೀಸ್ ಸ್ಟೇಷನ್‌ಗೆ. ಅರ್ಜೆಂಟು."

ಸರ್ಕಾರಿ ವ್ಯಾನಿನ ಮುಂದೆ ಆಳುಗಳು ನಿಂತುಬಿಟ್ಟರು.

ಪೊಲೀಸರೊಂದಿಗೆ ಮರಳುವಷ್ಟರಲ್ಲಿ ಕೋನಪ್ಪ ಜೀಪು ಹತ್ತಿ ಹೋಗಿದ್ದ. ಚಿಂತಾಮಣಿ ದಾಟುವ ಮೊದಲೇ ಹಿಡಿದರು. ಸುತ್ತಿಗೆ ಅವನ ಸೀಟಿನ ಕೆಳಗೇ ಇತ್ತು. ವೆಂಕಟರವಣಪ್ಪ ಮಾತ್ರ ಎಲ್ಲಿಯೂ ಹೋಗಿರಲಿಲ್ಲ. ಸೌದೆ ರಾಶಿಯ ತುದಿಯಲ್ಲಿ ಹಾರೆ ಹಿಡಿದು ಕೂತಿದ್ದ. ಹಣೆ ಒಡೆದು ರಕ್ತ ಇಳಿಯುತ್ತಿತ್ತು.

"ಕಳ್ಳಮರಕ್ಕೆ ಮುದ್ರೆ ಹೊಡಿ ಅಂದ್ರು, ಗಾರ್ಡು ಒಪ್ಪಲಿಲ್ಲ," ಎಂದ. "ಹೊಡೆದು ಇಲ್ಲಿಗೆ ತಂದ್ರು. ಆಮೇಲೆ ಗಾರ್ಡು ಇದ್ದಾಗಿನ ಹಳೇ ಮರ ಅಂತ ತಾವೇ ಎರಡೆರಡು ಮುದ್ರೆ ಒತ್ತೋರು. ಒಂದೇ ಇದ್ರೆ ಚೆಕ್‌ಪೋಸ್ಟೋರು ನಂಬಲ್ಲ ಅಂತ."

"ನಮ್ಮ ಹತ್ರ ಬಂದು ಹೇಳ್ಬಾರ್ದಿತ್ತಾ?"

"ಬರೆದೆ ಕದಾ ಸಾಮಿ. ನೀವು ದೇವ್ರ ಕಟ್ಟೆ ತೋಡಿದ್ರಿ. ನನ್ನನ್ನ ಎಗತಾಳಿ, ಗೇಲಿ ಮಾಡ್ತಿದ್ದಾರೆ, ಇವ್ರೂ ಕೋನಪ್ಪನ ಕಡೆಯೋರೇ ಅಂದ್ಕೊಂಡೆ."



ಸೌದೆ ತೆಗೆಯಲು ಎರಡು ಗಂಟೆ ಹಿಡಿಯಿತು. ಮಣ್ಣು ತೆಗೆಯಲು ಅಷ್ಟು ಹೊತ್ತು ಬೇಕಾಗಲಿಲ್ಲ. ಖಾಕಿಯ ಚೂರು. ಇಲಾಖೆಯ ಬೆಲ್ಟಿನ ಬಿಲ್ಲೆ. ಗಂಗುಲಮ್ಮ ಬಂದಾಗ ಕೈಯಲ್ಲಿ ರೇಷ್ಮೆ ಎಳೆಗಳು ಇನ್ನೂ ಅಂಟಿದ್ದವು. ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಇದ್ದಳು.

"ನಾನಿದ್ದಿದ್ರೆ..." ಎಂದೆ. ಮೂರು ವರ್ಷ ಕೂಡಿಟ್ಟ ಮಾತು.

"ನೀನೂ ಇದ್ದಿದ್ರೆ ಇಬ್ರೂ ಇಲ್ಲೇ ಇರ್ತಿದ್ರಿ ಚಲಪತಿ. ಹುಡುಕೋರು ಯಾರಿರ್ತಿದ್ರು?" ತಲೆ ಎತ್ತಲಿಲ್ಲ ಅವಳು. "ಬೆಳಿಗ್ಗೆ ತನಕ ಕಳ್ಳನ ಹೆಂಡ್ತಿ. ಈಗ ಮುಂಡೆ. ಇದೇ ವಾಸಿ ಕಣಪ್ಪ."

ತಿಂಗಳ ಮೇಲೆ ಇಲಾಖೆ 'ಪರಾರಿ' ಎಂಬ ಪದ ಹೊಡೆದುಹಾಕಿ 'ಕರ್ತವ್ಯದಲ್ಲಿದ್ದಾಗ ಮೃತ' ಎಂದು ಬರೆಯಿತು. ಆ ಕಾಗದವನ್ನು ನೂಲಿನ ಕಾರ್ಖಾನೆಯಲ್ಲಿ ಅವಳು ಗಟ್ಟಿಯಾಗಿ ಓದಿಸಿದಳಂತೆ. ಯಾರೂ ನಗಲಿಲ್ಲವಂತೆ.

ಸುತ್ತಿಗೆಯ ಸದ್ದು ನನಗೆ ಈಗಲೂ ಕೇಳಿಸುತ್ತದೆ. ನಿಲ್ಲುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ.

ಆ ಕಾಗದ ಬಂದ ವಾರಕ್ಕೆ ಇಲಾಖೆಯ ಇನ್ನಾವುದೋ ಮೇಜಿನಿಂದ ಇನ್ನೊಂದು ರಿಜಿಸ್ಟರ್ಡ್ ಲಕೋಟೆ. ಸರ್ಕಾರಿ ಸುತ್ತಿಗೆಯನ್ನು ಮೂರು ವರ್ಷ ತಡವಾಗಿ ಹಿಂದಿರುಗಿಸಿದ್ದೇಕೆ, ಕಾರಣ ಕೊಡಿ ಎಂದು ನೋಟಿಸು. ಮೇಲೆ ಹೆಸರು: ಮುನಿಗಂಗಪ್ಪ.

ಗಂಗುಲಮ್ಮ ಅದನ್ನು ಪೋಸ್ಟ್‌ಮ್ಯಾನಿನ ಕೈಗೇ ತಿರುಗಿ ಕೊಟ್ಟಳು.

"ವಾಪಸ್ ಕಳಿಸಪ್ಪ. ವಿಳಾಸದಾರರು ಡ್ಯೂಟಿ ಮೇಲಿದ್ದಾರೆ ಅಂತ ಬರಿ."